ಮಲೆನಾಡಿನ ದೂರದ ಟ್ರೇಲ್ ಓಟ: ಓಟಗಾರರಿಗೆ ಏನೇನು ಸಿಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಕೊಡಗಿನ ತೋಟದ ದಾರಿಗಳಲ್ಲಿ, ಗುಡ್ಡದ ಕಾಲುದಾರಿಗಳಲ್ಲಿ 30, 50, 100 ಕಿ.ಮೀ. ಓಡಲು ಹೆಸರು ಕೊಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಓಟ ನಡೆಸಲು ಹೊರಟವರಿಗೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಲೆಕ್ಕ ಹಾಕುವ ಕಡೆಯೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: 50 ಕಿ.ಮೀ. ದೂರ, ಒಟ್ಟು 1,500 ಮೀಟರ್ ಏರು, 200 ಓಟಗಾರರು, ನವೆಂಬರ್ ತಿಂಗಳು.

ಒಂದು ಓಟ ಚೆನ್ನಾಗಿ ಆಯೋಜನೆಯಾಗಿದೆ ಎಂದು ಹೇಗೆ ತಿಳಿಯುವುದು?

ಪದಕ, ಟೀ ಶರ್ಟು, ಡ್ರೋನ್ ವಿಡಿಯೊ ನೋಡಿ ಅಲ್ಲ. ಆಯೋಜಕರಿಗೆ ಈ ಒಂದು ಪ್ರಶ್ನೆ ಹಾಕಿ: "ಮಧ್ಯಾಹ್ನ ಎರಡು ಗಂಟೆಗೆ 143ನೇ ನಂಬರಿನವರು ಎಲ್ಲಿದ್ದಾರೆ ಎಂದು ಕೇಳಿದರೆ ಎಷ್ಟು ಹೊತ್ತಿನಲ್ಲಿ ಹೇಳುತ್ತೀರಿ?" ಐದು ನಿಮಿಷದೊಳಗೆ ಹೇಳುವ ವ್ಯವಸ್ಥೆ ಇದ್ದರೆ ಉಳಿದದ್ದೂ ಬಹುಮಟ್ಟಿಗೆ ಸರಿಯಾಗಿರುತ್ತದೆ. ಊಟ ತಡವಾದರೆ ಕ್ಷಮಿಸಬಹುದು. ಒಬ್ಬ ಮನುಷ್ಯ ಗುಡ್ಡದಲ್ಲಿ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಅದಕ್ಕೆ ಕ್ಷಮೆಯಿಲ್ಲ.

ಇದಕ್ಕೆ ಬೇಕಾದ ಸಾಮಾನು ಬಹಳ ಸರಳ. ಪ್ರತಿ ಏಡ್ ಸ್ಟೇಷನ್‌ನಲ್ಲಿ (ದಾರಿ ನಡುವೆ ನೀರು, ತಿನಿಸು, ನೆರವು ಸಿಗುವ ಜಾಗ) ಇಬ್ಬರು, ಎಲ್ಲ ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ) ನಂಬರುಗಳನ್ನು ಮುದ್ರಿಸಿದ ಹಾಳೆ, ಒಂದು ಗಡಿಯಾರ, ಪೆನ್ಸಿಲ್. ಪೆನ್ನು ಬೇಡ, ಮಳೆಗೆ ಶಾಯಿ ಕಲಸಿಹೋಗುತ್ತದೆ. ಒಬ್ಬರು ನಂಬರನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಸಮಯ ಬರೆಯಬೇಕು. ಅರ್ಧ ಗಂಟೆಗೊಮ್ಮೆ ಆ ಪಟ್ಟಿ ಕಂಟ್ರೋಲ್ ರೂಮಿಗೆ ಹೋಗಬೇಕು. ಅಲ್ಲಿ ಲೆಕ್ಕ ತಾಳೆ ನೋಡುತ್ತಾರೆ: ಹಿಂದಿನ ಸ್ಟೇಷನ್ ಬಿಟ್ಟವರ ಸಂಖ್ಯೆಯಿಂದ ಮುಂದಿನದಕ್ಕೆ ಬಂದವರನ್ನು ಕಳೆದರೆ ನಡುದಾರಿಯಲ್ಲಿ ಇರುವವರ ಸಂಖ್ಯೆ ಸಿಗುತ್ತದೆ. ಕೊನೆಯ ಸ್ವೀಪರ್ (ಎಲ್ಲ ಓಟಗಾರರ ಹಿಂದೆ ಬರುವ ಸ್ವಯಂಸೇವಕರು) ಬಂದಮೇಲೂ ಆ ಸಂಖ್ಯೆ ಸೊನ್ನೆಯಾಗದಿದ್ದರೆ ಹುಡುಕಾಟ ಶುರುವಾಗಬೇಕು, ಅರ್ಧ ಗಂಟೆ ಕಾಯ್ದು ನೋಡೋಣ ಎನ್ನುವಂತಿಲ್ಲ.

ಚಿಪ್ ಟೈಮಿಂಗ್ ಇದ್ದರೆ ಕಾಗದದ ಪಟ್ಟಿ ಏಕೆ?

ಚಿಪ್ ಬಿಬ್ಬಿಗೆ ಅಂಟಿರುತ್ತದೆ, ಅದು ದಾಟಿದ ಸಮಯವನ್ನು ಯಂತ್ರ ಓದುತ್ತದೆ. ಬಿಬ್ ಮೇಲೆ ಜಾಕೆಟ್ ಹಾಕಿಕೊಂಡರೆ, ಬೆವರಿನಲ್ಲಿ ನೆನೆದು ಮಡಚಿಕೊಂಡರೆ ಚಿಪ್ ಓದುವುದು ತಪ್ಪುತ್ತದೆ. ಯಂತ್ರದ ಬ್ಯಾಟರಿಯೂ ಕೈಕೊಡುತ್ತದೆ. ಫಲಿತಾಂಶಕ್ಕೆ ಚಿಪ್, ಜೀವಕ್ಕೆ ಕಾಗದ.

ಹೆಸರು ಕೊಡುವ ಮೊದಲು ದಾರಿಯ ಬಗ್ಗೆ ಏನೇನು ತಿಳಿದಿರಬೇಕು?

ದೂರ, ಒಟ್ಟು ಏರು, ಏರಿಳಿತದ ನಕ್ಷೆ, ಜಿಪಿಎಕ್ಸ್ ಫೈಲು (ವಾಚು, ಫೋನಿಗೆ ಹಾಕಿಕೊಳ್ಳುವ ದಾರಿಯ ಗೆರೆ), ಪ್ರತಿ ಏಡ್ ಸ್ಟೇಷನ್ ಎಷ್ಟನೇ ಕಿ.ಮೀ.ನಲ್ಲಿದೆ, ಎಲ್ಲಿ ಏನು ಸಿಗುತ್ತದೆ, ಪ್ರತಿ ಹಂತದ ಕಟ್‌ಆಫ್ (ಅದನ್ನು ಮೀರಿದವರನ್ನು ಓಟದಿಂದ ನಿಲ್ಲಿಸುವ ಕೊನೆಯ ಸಮಯ). ಇವು ಓಟಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಸಿಗಬೇಕು. "ಸುಂದರ ಹಸಿರು ದಾರಿ, ಮಧ್ಯಮ ಕಷ್ಟ" ಎಂಬ ವರ್ಣನೆಯಿಂದ ಏನೂ ತಿಳಿಯುವುದಿಲ್ಲ.

ಬರೀ ದೂರ ನೋಡಿ ಮೋಸಹೋಗಬೇಡಿ. ಅಂತರರಾಷ್ಟ್ರೀಯ ಟ್ರೇಲ್ ಓಟದ ಸಂಘಟನೆ ಐಟಿಆರ್‌ಎ ಬಳಸುವ ಲೆಕ್ಕ ಸುಲಭವಾಗಿದೆ: ಕಿ.ಮೀ. ದೂರಕ್ಕೆ, ಏರಿನ ಮೀಟರುಗಳನ್ನು ನೂರರಿಂದ ಭಾಗಿಸಿ ಕೂಡಿಸಿ. ನಮ್ಮ ಉದಾಹರಣೆಯಲ್ಲಿ 50 + 15 = 65. ಅದೇ 50 ಕಿ.ಮೀ.ಗೆ 2,800 ಮೀ. ಏರು ಇದ್ದರೆ 78. ಹೆಸರಿಗೆ ಎರಡೂ ಐವತ್ತೇ, ಕಾಲಿಗೆ ಮಾತ್ರ ಬೇರೆ ಬೇರೆ.

ನೆಲ ಎಂಥದ್ದು ಎಂಬುದನ್ನೂ ಕೇಳಿ. ಜೀಪು ಓಡುವ ತೋಟದ ರಸ್ತೆ ಎಷ್ಟು, ಕಾಲುದಾರಿ ಎಷ್ಟು, ಡಾಂಬರು ಎಷ್ಟು, ಕಲ್ಲು ಹಾಸಿದ್ದೆಷ್ಟು. ಮಳೆ ನಿಂತು ಒಂದು ತಿಂಗಳಾಗಿದ್ದರೂ ಸಿಲ್ವರ್ ಓಕ್ ನೆರಳಿನ ಇಳಿಜಾರಿನಲ್ಲಿ ಪಾಚಿ ಒಣಗಿರುವುದಿಲ್ಲ. ಅಲ್ಲಿ ನಯವಾದ ಅಟ್ಟೆಯ ರೋಡ್ ಶೂ ಜಾರುತ್ತದೆ. 4 ರಿಂದ 6 ಮಿ.ಮೀ. ಹಲ್ಲುಗಳಿರುವ ಟ್ರೇಲ್ ಶೂ ಬೇಕು.

ಕಟ್‌ಆಫ್ ನ್ಯಾಯವಾಗಿದೆಯೇ ಎಂದು ಹೇಗೆ ಪರೀಕ್ಷಿಸುವುದು?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. 50 ಕಿ.ಮೀ.ಗೆ 10 ಗಂಟೆ, 1,500 ಮೀ.ಗೆ ಎರಡೂವರೆ, ಒಟ್ಟು ಹನ್ನೆರಡೂವರೆ ಗಂಟೆ. ಇದು ಎಲ್ಲೂ ನಿಲ್ಲದೆ ಬಿರುಸಾಗಿ ನಡೆಯುವವರ ಸಮಯ. ಹಾಗಾಗಿ 12 ಗಂಟೆಯ ಕಟ್‌ಆಫ್ ಎಂದರೆ ಏರಿನಲ್ಲಿ ನಡೆದು ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡುವ ಸಾಮಾನ್ಯ ಓಟಗಾರರಿಗೆ ಸಾಧ್ಯ. 9 ಗಂಟೆ ಇಟ್ಟಿದ್ದರೆ ಅದು ಚೆನ್ನಾಗಿ ತರಬೇತಿ ಆದವರ ಓಟ. ಹಾಗಿರುವುದು ತಪ್ಪಲ್ಲ, ಆದರೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ತಪ್ಪು ಹೆಚ್ಚಾಗಿ ನಡುವಿನ ಕಟ್‌ಆಫ್‌ಗಳಲ್ಲಿ ಇರುತ್ತದೆ. 25ನೇ ಕಿ.ಮೀ.ಗೆ ಆರೂವರೆ ಗಂಟೆ ಕೊಟ್ಟು ಒಟ್ಟು 12 ಗಂಟೆ ಇಟ್ಟರೆ, ಆರೂವರೆಗೆ ಬಂದು ತಲುಪಿದವರು ದಣಿದ ಕಾಲಿನಲ್ಲಿ ಉಳಿದರ್ಧವನ್ನು ಐದೂವರೆ ಗಂಟೆಯಲ್ಲಿ ಮುಗಿಸಬೇಕು. ಅದು ಆಗುವ ಮಾತಲ್ಲ. ಕೊನೆಗೆ 42ನೇ ಕಿ.ಮೀ.ನಲ್ಲಿ ಕತ್ತಲಾಗುವ ಹೊತ್ತಿಗೆ ಅವರನ್ನು ತಡೆಯಬೇಕಾಗುತ್ತದೆ, ಅದೂ ಜೀಪು ಬರದ ಜಾಗದಲ್ಲಿ. ಏರು ಎರಡೂ ಅರ್ಧದಲ್ಲಿ ಸಮನಾಗಿದ್ದರೆ ಮೊದಲರ್ಧಕ್ಕೆ ಐದೂವರೆ ಗಂಟೆ ಸರಿ. ದೊಡ್ಡ ಏರು ಎರಡನೇ ಅರ್ಧದಲ್ಲಿದ್ದರೆ ಇನ್ನೂ ಬಿಗಿ ಮಾಡಬೇಕು. ಬಿಗಿ ಕಟ್‌ಆಫ್ ಕ್ರೂರ ಎಂದು ಕೆಲವರಿಗೆ ಅನ್ನಿಸುತ್ತದೆ. ಬೆಳಕಿರುವಾಗ ರಸ್ತೆಯಿರುವ ಜಾಗದಲ್ಲಿ ನಿಲ್ಲಿಸುವುದೇ ಓಟಗಾರರ ಮೇಲಿನ ಕಾಳಜಿ.

ಕಟ್‌ಆಫ್ ಎಂದರೆ ಸ್ಟೇಷನ್‌ಗೆ ಬರುವ ಸಮಯವೋ, ಬಿಡುವ ಸಮಯವೋ ಎಂಬುದು ನಿಯಮದಲ್ಲಿ ಬರೆದಿರಬೇಕು. ಇದೊಂದು ಬರೆಯದ ಕಾರಣಕ್ಕೆ ಆಗುವ ಜಗಳಗಳೇ ಸಾಕಷ್ಟು.

ದಾರಿ ಗುರುತು ಹೇಗಿರಬೇಕು? ರಿಬ್ಬನ್ ಇದ್ದೂ ಜನ ಏಕೆ ದಾರಿ ತಪ್ಪುತ್ತಾರೆ?

ನೇರ ದಾರಿಯಲ್ಲಿ 100 ಮೀ.ಗೆ ಒಂದು ರಿಬ್ಬನ್ ಸಾಕು. ಕವಲು ದಾರಿಯಲ್ಲಿ ಹಾಗಲ್ಲ: ಕವಲಿಗೆ 20 ಮೀ. ಮೊದಲೊಂದು, ಕವಲಿನಲ್ಲಿ ಬಾಣ, ಸರಿಯಾದ ದಾರಿಯಲ್ಲಿ 20 ರಿಂದ 30 ಮೀ. ಒಳಗೆ ಎರಡು "ಹೌದು, ಇದೇ ದಾರಿ" ಎನ್ನುವ ರಿಬ್ಬನ್, ತಪ್ಪು ದಾರಿಗೆ ಅಡ್ಡಲಾಗಿ ಕಟ್ಟಿದ ಪಟ್ಟಿ. ಕಾಫಿ ತೋಟದೊಳಗೆ ಕವಲುಗಳು ಲೆಕ್ಕವಿಲ್ಲದಷ್ಟು. 50 ಕಿ.ಮೀ.ಯಲ್ಲಿ 60 ಮುಖ್ಯ ಕವಲುಗಳು ಎಂದುಕೊಂಡರೂ ಒಟ್ಟು ಏಳುನೂರರ ಹತ್ತಿರ ರಿಬ್ಬನ್ ಬೇಕು. ಇನ್ನೂರು ರಿಬ್ಬನ್ ಹಿಡಿದು ಹೊರಟವರು ಕೊನೆಯ 15 ಕಿ.ಮೀ.ಯಲ್ಲಿ ಜಿಪುಣತನ ಮಾಡುತ್ತಾರೆ, ಓಟಗಾರರ ತಲೆ ಮಂಕಾಗಿರುವುದೂ ಅಲ್ಲೇ.

ರಿಬ್ಬನ್ ಇದ್ದೂ ದಾರಿ ತಪ್ಪಲು ಕಾರಣಗಳು ಹಲವು. ದನಗಳು ರಿಬ್ಬನ್ ತಿನ್ನುತ್ತವೆ, ಅದಕ್ಕೇ ಎದೆಮಟ್ಟಕ್ಕಿಂತ ಮೇಲೆ ಕಟ್ಟಬೇಕು, ಪ್ಲಾಸ್ಟಿಕ್ ಬದಲು ಬಟ್ಟೆ ಬಳಸಬೇಕು. ಮಕ್ಕಳು ಚಂದಕ್ಕೆ ಬಿಚ್ಚಿಕೊಂಡು ಹೋಗುತ್ತಾರೆ. ಹಸಿರು, ಹಳದಿ ಎಲೆಗಳ ನಡುವೆ ಕಾಣುವುದಿಲ್ಲ. ಕೆಂಪು ರಿಬ್ಬನ್ ಕಾಫಿ ಹಣ್ಣಾಗುವ ಕಾಲದಲ್ಲಿ ಗಿಡದೊಳಗೆ ಬೆರೆತುಹೋಗುತ್ತದೆ, ಅಲ್ಲದೆ ಬಣ್ಣಗಳ ಭೇದ ತಿಳಿಯದ ಓಟಗಾರರಿಗೆ ಹಸಿರಿನ ಮೇಲೆ ಕೆಂಪು ಕಾಣುವುದೇ ಕಷ್ಟ. ನೀಲಿ, ಕಡು ಗುಲಾಬಿ ಒಳ್ಳೆಯದು. ಕತ್ತಲಾಗುವ ಭಾಗದಲ್ಲಿ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಸೇರಿಸಬೇಕು. ನೆಲದ ಮೇಲೆ ಸುಣ್ಣದ ಪುಡಿಯ ಬಾಣ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಒಂದು ಮಳೆಗೆ ಹೋಯಿತು. ಅದನ್ನೇ ನೆಚ್ಚಬಾರದು.

ಹಿಂದಿನ ದಿನ ಕಟ್ಟಿದರೆ ಮುಗಿಯಲಿಲ್ಲ. ಮೊದಲ ಓಟಗಾರ ಬರುವುದಕ್ಕೆ ಎರಡು ಗಂಟೆ ಮುಂಚೆ ಪ್ರತಿ ಭಾಗವನ್ನೂ ಯಾರಾದರೂ ನಡೆದು ಅಥವಾ ಬೈಕಿನಲ್ಲಿ ನೋಡಿರಬೇಕು. ಆ ತೋಟದ ರೈಟರ್ (ಕೆಲಸದ ಲೆಕ್ಕ, ಉಸ್ತುವಾರಿ ನೋಡುವವರು) ಅಥವಾ ಅಲ್ಲಿ ದಿನವೂ ಓಡಾಡುವ ಕೆಲಸಗಾರರು ಈ ಕೆಲಸಕ್ಕೆ ಅತ್ಯುತ್ತಮ. ಊರಿಗೆ ಹೊಸಬರಾದ ಸ್ವಯಂಸೇವಕರು ರಿಬ್ಬನ್ ಕಾಣೆಯಾದದ್ದನ್ನು ಗುರುತಿಸಲಾರರು.

ಓಟಗಾರರಾದ ನೀವು ಮಾಡಬೇಕಾದದ್ದು: 300 ಮೀ. ದೂರ ರಿಬ್ಬನ್ ಕಾಣದಿದ್ದರೆ ನಿಲ್ಲಿ, ಕೊನೆಗೆ ಕಂಡ ರಿಬ್ಬನ್ನಿನ ತನಕ ವಾಪಸ್ ಹೋಗಿ. ಮುಂದಿನವರ ಬೆನ್ನು ನೋಡಿಕೊಂಡು ಓಡಬೇಡಿ. ಅವರೂ ತಪ್ಪಿರಬಹುದು.

ನನ್ನ ವಾಚಿನಲ್ಲಿ 51.3 ಕಿ.ಮೀ. ಬಂತು. ದೂರ ತಪ್ಪಲ್ಲವೇ?

ದಟ್ಟ ಮರಗಳ ಕೆಳಗೆ, ತಿರುವುಗಳಲ್ಲಿ ಜಿಪಿಎಸ್ ಗೆರೆ ಅತ್ತಿತ್ತ ಹೊಯ್ದಾಡುತ್ತದೆ. ಎರಡು-ಮೂರು ಶೇಕಡಾ ವ್ಯತ್ಯಾಸ ಸಹಜ. ಆದರೆ ನೀರಿನ ಸ್ಟೇಷನ್ 8ನೇ ಕಿ.ಮೀ.ನಲ್ಲಿ ಎಂದು ಹೇಳಿ 10ರಲ್ಲಿ ಇಟ್ಟಿದ್ದರೆ ಅದು ಆಯೋಜಕರ ತಪ್ಪೇ.

ಎಷ್ಟು ನೀರು, ಎಷ್ಟು ದೂರಕ್ಕೆ?

ಸ್ಟೇಷನ್‌ಗಳ ನಡುವೆ 6 ರಿಂದ 8 ಕಿ.ಮೀ. ಇರಬೇಕು. ದೊಡ್ಡ ಏರಿನ ಭಾಗವಿದ್ದರೆ ದೂರವನ್ನು ಬಿಟ್ಟು ಸಮಯ ನೋಡಬೇಕು: ಹಿಂದಿನವರಿಗೆ ಎರಡು ಗಂಟೆಗಿಂತ ಹೆಚ್ಚು ಹಿಡಿಯಬಾರದು. ಗಂಟೆಗೆ ಅರ್ಧ ಲೀಟರ್‌ನಂತೆ ಎರಡು ಗಂಟೆಗೆ ಒಂದು ಲೀಟರ್. 200 ಜನಕ್ಕೆ 200 ಲೀಟರ್, ತಲೆಗೆ ಸುರಿದುಕೊಳ್ಳಲು, ಕೈ ತೊಳೆಯಲು, ಪಾನಕ ಕಲಸಲು ಮೂರನೇ ಒಂದು ಭಾಗ ಹೆಚ್ಚು. ಅಂದರೆ ಪ್ರತಿ ಸ್ಟೇಷನ್‌ಗೆ 20 ಲೀಟರಿನ 13 ಅಥವಾ 14 ಕ್ಯಾನು. ಬಿಸಿಲು ಹತ್ತುವ ಮಧ್ಯಾಹ್ನದ ಸ್ಟೇಷನ್‌ಗಳಿಗೆ 18 ಇಡಿ.

ನೀರು ಖಾಲಿಯಾದರೆ ಅನುಭವಿಸುವವರು ಹಿಂದಿನವರು. ಹೆಚ್ಚು ಹೊತ್ತು ಬಿಸಿಲಿನಲ್ಲಿ ಇದ್ದವರೂ ಅವರೇ. ಮುಂದಿನ 30 ಜನ ನಿಲ್ಲದೆಯೂ ಹೋಗುತ್ತಾರೆ. ಆದ್ದರಿಂದ ಅರ್ಧ ಕ್ಯಾನುಗಳು ಮುಗಿದಾಗ ಬಂದವರ ಸಂಖ್ಯೆ ಅರ್ಧ ದಾಟಿದೆಯೇ ಎಂದು ನೋಡಬೇಕು. ದಾಟಿಲ್ಲವಾದರೆ ಆಗಲೇ ಜೀಪಿಗೆ ಹೇಳಬೇಕು. ಕೊನೆಯ ಕ್ಯಾನು ತೆರೆದಾಗ ಹೇಳಿದರೆ ಆ ದಾರಿಯಲ್ಲಿ ಜೀಪು ಬರುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ.

ಕ್ಯಾನಿನ ನಲ್ಲಿಯಿಂದ ಬಾಟಲಿ ತುಂಬುವುದು ನಿಧಾನ. ಎರಡು ಲೀಟರಿನ ಜಗ್ಗುಗಳಲ್ಲಿ ಮೊದಲೇ ತುಂಬಿಟ್ಟು, ಸ್ವಯಂಸೇವಕರೇ ಬಾಟಲಿಗೆ ಸುರಿದರೆ ಸಾಲು ನಿಲ್ಲುವುದಿಲ್ಲ. ಜಗ್ಗಿನ ಬಾಯಿ ಬಾಟಲಿಗೆ ತಾಗಬಾರದು.

ಕಾಗದದ ಲೋಟ ಏಕೆ ಇಡುವುದಿಲ್ಲ?

ಇನ್ನೂರು ಜನ, ಆರು ಸ್ಟೇಷನ್, ಒಬ್ಬರಿಗೆ ಎರಡು ಲೋಟ: 2,400 ಲೋಟ, ಅರ್ಧ ಗಾಳಿಗೆ ಹಾರಿ ತೋಟದೊಳಗೆ. 150 ಮಿ.ಲೀ.ನ ಮಡಚುವ ಲೋಟ ನೀವೇ ತನ್ನಿ. ಜೆಲ್ ಪೊಟ್ಟಣದ ಹರಿದ ಮೂತಿಯೂ ನಿಮ್ಮ ಜೇಬಿಗೇ ಹೋಗಬೇಕು. ಕಸ ಬಿಸಾಡಿದವರಿಗೆ ಸಮಯದ ದಂಡ ಹಾಕುವ ಓಟ ಒಳ್ಳೆಯ ಓಟ.

ತಿನ್ನಲು ಏನಿರಬೇಕು?

ದೂರದ ಓಟದಲ್ಲಿ ಗಂಟೆಗೆ 30 ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೆಚ್ಚಿನವರಿಗೆ ಒಗ್ಗುತ್ತದೆ. ಅಭ್ಯಾಸ ಮಾಡಿಕೊಂಡವರು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬೆರೆಸಿ 90 ಗ್ರಾಂ ತನಕ ತೆಗೆದುಕೊಳ್ಳುತ್ತಾರೆ. ನಮ್ಮ ಊರಿನ ತಿನಿಸಿನಲ್ಲಿ ಇದನ್ನು ಹೊಂದಿಸುವುದು ಸುಲಭ. ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಕಡಲೆ ಮಿಠಾಯಿ, 20 ಗ್ರಾಂ ಬೆಲ್ಲ ಕರಗಿಸಿದ ಒಂದು ಲೋಟ ನಿಂಬೆ ಪಾನಕ: ಸುಮಾರು 60 ಗ್ರಾಂ ಆಯಿತು.

ಮೊದಲ ಮೂರು ಗಂಟೆ ಸಿಹಿ ನಡೆಯುತ್ತದೆ. ಆಮೇಲೆ ಬಾಯಿ ಸಿಹಿಯನ್ನು ಒಲ್ಲೆ ಎನ್ನುತ್ತದೆ, ಇದು ಬಹುತೇಕ ಎಲ್ಲರಿಗೂ ಆಗುವುದು. ಹಾಗಾಗಿ 25ನೇ ಕಿ.ಮೀ.ಯಿಂದ ಮುಂದೆ ಉಪ್ಪಿನದ್ದು ಇರಲೇಬೇಕು: ಬೇಯಿಸಿದ ಆಲೂಗಡ್ಡೆ, ಉಪ್ಪು ಹಾಕಿದ ಗಂಜಿ, ಮೊಸರನ್ನ, ಮಜ್ಜಿಗೆ, ಹುರಿದ ಶೇಂಗಾ. ಗಂಜಿಯ ಬೆಲೆ ನಲವತ್ತನೇ ಕಿ.ಮೀ.ನಲ್ಲಿ ಹೊಟ್ಟೆ ತೊಳಸುತ್ತಿರುವವರಿಗೆ ಗೊತ್ತು. ಕರಿದ ಬಜ್ಜಿ, ಖಾರದ ಚಿತ್ರಾನ್ನ, ಎಣ್ಣೆ ತೇಲುವ ಉಪ್ಪಿಟ್ಟು ಓಟ ಮುಗಿದಮೇಲೆ ಆಗಲಿ. ಎಣ್ಣೆ ಹೊಟ್ಟೆಯಿಂದ ಇಳಿಯಲು ಹೊತ್ತು ಹಿಡಿಯುತ್ತದೆ, ಏರಿನಲ್ಲಿ ವಾಂತಿಯಾಗುತ್ತದೆ.

ಬೆಳಿಗ್ಗೆ ಐದಕ್ಕೆ ಕಲಸಿದ ಮೊಸರನ್ನ ಮಧ್ಯಾಹ್ನ ಎರಡಕ್ಕೆ ಹುಳಿಯಾಗಿರುತ್ತದೆ. ಅನ್ನವನ್ನು ಹಾಲಿನಲ್ಲಿ ಕಲಸಿ ಸ್ವಲ್ಪ ಮೊಸರು ಸೇರಿಸಿ ಕಳಿಸುವುದು ಮದುವೆ ಮನೆಯ ಅಡುಗೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಎರಡು ಕಂತಿನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಆಲೂಗಡ್ಡೆ, ಹಣ್ಣಿನ ತಟ್ಟೆಗೆ ಎಲ್ಲರೂ ಕೈಹಾಕುವಂತಿರಬಾರದು. ಮರದ ಬೇರು ಹಿಡಿದು ಹತ್ತಿದ ಕೈಗಳು ಅವು. ಚಿಮಟ ಅಥವಾ ಚಮಚದಲ್ಲಿ ಬಡಿಸಬೇಕು, ಉಪ್ಪನ್ನು ತೂತಿನ ಡಬ್ಬಿಯಿಂದ ಉದುರಿಸಬೇಕು. ಓಟದ ಮರುದಿನ ಹತ್ತಾರು ಜನಕ್ಕೆ ಒಟ್ಟಿಗೆ ಭೇದಿ ಶುರುವಾಯಿತೆಂದರೆ ಮೊದಲ ಅನುಮಾನ ಈ ತಟ್ಟೆಯ ಮೇಲೆ.

ಓಆರ್‌ಎಸ್ ಎಷ್ಟು ಕುಡಿಯಬೇಕು? ಹೆಚ್ಚು ನೀರು ಕುಡಿದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಬಾಯಾರಿದಾಗ ಕುಡಿಯಿರಿ, ಅಷ್ಟೇ. ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಇಳಿಯುತ್ತದೆ, ಮೆದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಟದ ನಡುವೆ ತೂಕ ಹೆಚ್ಚಿದವರೇ ಅವರಲ್ಲಿ ಹೆಚ್ಚು. ಬೆರಳಿನ ಉಂಗುರ, ವಾಚಿನ ಪಟ್ಟಿ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ತೊದಲುವುದು ಇದರ ಲಕ್ಷಣಗಳು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಸುರಿದುಕೊಳ್ಳುವುದು ಸಾಮಾನ್ಯ ತಪ್ಪು. ಗಟ್ಟಿಯಾದ ದ್ರಾವಣ ಹೊಟ್ಟೆಯಲ್ಲೇ ನಿಂತು ತೊಳಸುತ್ತದೆ. ಅಂಗಡಿಯಲ್ಲಿ ಸಿಗುವ ಸಿಹಿ ಹಣ್ಣಿನ ರಸದ ಡಬ್ಬಿಗಳು ಓಆರ್‌ಎಸ್ ಅಲ್ಲ. ಇನ್ನೊಂದು ಮಾತು: ಓಆರ್‌ಎಸ್ ಕುಡಿದರೂ, ಮಿತಿಮೀರಿ ಕುಡಿದರೆ ಸೋಡಿಯಂ ಇಳಿಯುವುದು ತಪ್ಪುವುದಿಲ್ಲ.

ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗಿ ಓಡಬೇಡಿ. ನೀರಡಿಕೆ, ಸ್ನಾಯು ಸವೆತದ ಜೊತೆ ಇವು ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಏಡ್ ಸ್ಟೇಷನ್ ಮೇಜಿನ ಮೇಲೆ ಈ ಮಾತ್ರೆಗಳನ್ನು ಹರಡಿಟ್ಟಿರುವ ಓಟದಲ್ಲಿ ವೈದ್ಯರ ಸಲಹೆ ಪಡೆದಿಲ್ಲವೆಂದೇ ತಿಳಿಯಿರಿ.

ಕಡ್ಡಾಯ ಸಾಮಾನಿನ ಪಟ್ಟಿ ಏಕೆ ಅಷ್ಟು ಕಟ್ಟುನಿಟ್ಟು? ಮಲೆನಾಡಿನಲ್ಲಿ ಅಷ್ಟೇನು ಚಳಿ?

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಓಟದಲ್ಲಿ 172 ಜನ ಹೊರಟರು, 21 ಜನ ಚಳಿಗೆ ಸತ್ತರು. ಅನುಭವಿ ಓಟಗಾರರೂ ಅವರಲ್ಲಿದ್ದರು. ಎತ್ತರದ ಭಾಗದಲ್ಲಿ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೆ ಬಂದವು. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ. ಆರು ಜನ ಉಳಿದದ್ದು ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬರು ತಮ್ಮ ಗುಹೆಗೆ ಕರೆದೊಯ್ದು ಬೆಂಕಿ ಹಾಕಿ ಬೆಚ್ಚಗಿಟ್ಟಿದ್ದರಿಂದ.

ನಮ್ಮ ಗುಡ್ಡಗಳು ಅಷ್ಟು ತಣ್ಣಗಿಲ್ಲ ನಿಜ. ಆದರೆ ದೇಹ ತಣ್ಣಗಾಗಲು ಸೊನ್ನೆ ಡಿಗ್ರಿ ಬೇಕಿಲ್ಲ. ಬಾಬಾಬುಡನ್‌ಗಿರಿಯ ಸಾಲಿನಂಥ ಬಯಲು ನೆತ್ತಿಯ ಮೇಲೆ, ಒದ್ದೆ ಬನಿಯನ್ನು, ಗಾಳಿ, 15 ಡಿಗ್ರಿ, ಕಾಲು ಉಳುಕಿ ಕೂತು ಒಂದು ಗಂಟೆ: ಇಷ್ಟು ಸಾಕು. ಓಡುತ್ತಿರುವವರಿಗೆ ಚಳಿಯಾಗುವುದಿಲ್ಲ, ನಿಂತವರಿಗೆ ಆಗುತ್ತದೆ. ಜಾಕೆಟ್ಟು ನೀವು ನಿಲ್ಲಬೇಕಾಗಿ ಬಂದಾಗಿನ ಗಂಟೆಗೆ.

50 ಕಿ.ಮೀ.ಗೆ ಕನಿಷ್ಠ ಪಟ್ಟಿ: ಒಂದು ಲೀಟರ್ ನೀರು ಹಿಡಿಸುವ ಬಾಟಲಿಗಳು, ಟೋಪಿಯಿರುವ ಮಳೆ ಜಾಕೆಟ್, ಕನಿಷ್ಠ 200 ಲುಮೆನ್ ಹೆಡ್‌ಲ್ಯಾಂಪ್ ಮತ್ತು ಬದಲಿ ಬ್ಯಾಟರಿ, ತುರ್ತು ಹೊದಿಕೆ, ಸೀಟಿ, ಪೂರ್ತಿ ಚಾರ್ಜ್ ಆದ ಫೋನು, 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜು, ಲೋಟ, 300 ಕ್ಯಾಲೊರಿಯಷ್ಟು ತಿನಿಸು. ಬಿಬ್ ಕೊಡುವಾಗ ಒಂದು ಸಲ, ನಡುದಾರಿಯಲ್ಲಿ ಹೇಳದೆ ಒಂದು ಸಲ ತಪಾಸಣೆ ಮಾಡಬೇಕು. ತಪಾಸಣೆ ಇಲ್ಲದ ಕಡ್ಡಾಯ ಪಟ್ಟಿ ಬರೀ ಕಾಗದ.

ಆನೆ, ಕಾಟಿಗಳ (ಕಾಡುಕೋಣ) ಭಯವಿಲ್ಲವೇ? ನಸುಕಿನಲ್ಲೇ ಏಕೆ ಓಟ ಶುರುಮಾಡುವುದಿಲ್ಲ?

ಭಯವಿದೆ, ಅದಕ್ಕೇ ಶುರುಮಾಡುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆಗಳು ಹಗಲು ತೋಟದೊಳಗೆ ನಿಂತಿದ್ದು ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುತ್ತವೆ. ರಸ್ತೆ ಓಟದ ಅಭ್ಯಾಸದಲ್ಲಿ ನಾಲ್ಕೂವರೆಗೆ ಬಾವುಟ ಬೀಸುವುದು ಇಲ್ಲಿ ಅಪಾಯ. ಬೆಳಕು ಹರಿದಮೇಲೆ, ಆರೂವರೆಗೆ ಶುರುಮಾಡಿ. ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಮರದಡಿಯಲ್ಲಿ ಅದಕ್ಕೂ ಅರ್ಧ ಗಂಟೆ ಮೊದಲೇ ಮಬ್ಬು. ಹಾಗಾಗಿ ಕೊನೆಯ 8 ಕಿ.ಮೀ. ಕಾಡಂಚಿನಲ್ಲಿ ಹಾಯದೆ ಊರಿನ ರಸ್ತೆಯ ಹತ್ತಿರ ಬರುವಂತೆ ದಾರಿ ಹೆಣೆಯಬೇಕು.

ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇರುವ ಜಿಲ್ಲೆಗಳಲ್ಲಿ ಹಿಂದಿನ ರಾತ್ರಿ, ಅಂದು ಬೆಳಿಗ್ಗೆ ಹಿಂಡು ಎಲ್ಲಿದೆ ಎಂದು ಅವರಿಂದ ಕೇಳಿ ತಿಳಿಯಬೇಕು. ಬದಲಿ ದಾರಿ ಒಂದನ್ನು ಮೊದಲೇ ಅಳೆದು, ಜಿಪಿಎಕ್ಸ್ ಮಾಡಿಟ್ಟಿರಬೇಕು. ಆನೆ ಬಂದ ದಿನ ಬೆಳಿಗ್ಗೆ ಹೊಸ ದಾರಿ ಹುಡುಕುವುದಲ್ಲ. ಓಟಗಾರರು ಎರಡೂ ಕಿವಿಗೆ ಇಯರ್‌ಫೋನ್ ಹಾಕಬಾರದು. ಆನೆ ಕಂಡರೆ ನಿಂತು, ಸದ್ದು ಮಾಡದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಫೋಟೊ ಬೇಡ. ಹಿಂದಿನಿಂದ ಬರುವವರನ್ನು ತಡೆಯಿರಿ. ಕಾಟಿಗೆ ದಾರಿ ಬಿಡಿ.

ಸೋಲಾರ್ ಬೇಲಿಯ ಗೇಟುಗಳನ್ನು ಯಾರು ತೆರೆಯಬೇಕು, ಎಷ್ಟು ಹೊತ್ತಿನ ತನಕ ಕರೆಂಟು ಆಫ್ ಇರಬೇಕು, ಯಾರು ಮತ್ತೆ ಮುಚ್ಚಬೇಕು ಎಂಬುದನ್ನು ಪ್ರತಿ ತೋಟದವರ ಜೊತೆ ಬರೆದಿಟ್ಟುಕೊಳ್ಳಬೇಕು.

ಇಂಬಳ, ಉಣುಗು?

ಇಂಬಳ ಕಚ್ಚಿದರೆ ರಕ್ತ ಸುಲಭಕ್ಕೆ ನಿಲ್ಲದು, ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ನೋಡಲು ಗಾಬರಿ, ಅಪಾಯವಿಲ್ಲ. ಉಗುರಿನಿಂದ ಬದಿಗೆ ಒತ್ತಿ ಬಿಡಿಸಿ, ತೊಳೆದು, ಬಟ್ಟೆ ಒತ್ತಿಹಿಡಿಯಿರಿ. ಮೊಣಕಾಲಿನ ತನಕ ಬರುವ ದಟ್ಟ ಹೆಣಿಗೆಯ ಕಾಲುಚೀಲ ಎಲ್ಲಕ್ಕಿಂತ ಒಳ್ಳೆಯ ತಡೆ.

ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. ಡಿಸೆಂಬರಿನಿಂದ ಮೇ ವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಓಟ ಇಡುವವರು ಆರೋಗ್ಯ ಇಲಾಖೆಯನ್ನು ಕೇಳಿ, ಮಂಗ ಸತ್ತ ವರದಿಯಿರುವ ಜಾಗವನ್ನು ದಾರಿಯಿಂದ ತೆಗೆಯಬೇಕು. ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಓಟ ಮುಗಿದೊಡನೆ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಮೂರರಿಂದ ಎಂಟು ದಿನದೊಳಗೆ ಒಮ್ಮೆಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಬೆಂಗಳೂರಿನ ವೈದ್ಯರಿಗೆ "ಮಲೆನಾಡಿನ ಕಾಡಿನಲ್ಲಿ ಓಡಿದ್ದೆ" ಎಂದು ಹೇಳಲು ಮರೆಯಬೇಡಿ. ನೀವು ಹೇಳದಿದ್ದರೆ ಅವರಿಗೆ ಮಂಗನ ಕಾಯಿಲೆ ಹೊಳೆಯುವುದು ಕಷ್ಟ.

ವೈದ್ಯಕೀಯ ವ್ಯವಸ್ಥೆ ಎಂದರೆ ಒಂದು ಆಂಬುಲೆನ್ಸ್ ಸಾಕೇ?

ಆರಂಭದ ಜಾಗದಲ್ಲಿ ನಿಂತ ಆಂಬುಲೆನ್ಸ್ 32ನೇ ಕಿ.ಮೀ.ನಲ್ಲಿ ಬಿದ್ದವರಿಗೆ ಸಹಾಯವಲ್ಲ. ದಾರಿಯನ್ನು ಭಾಗ ಮಾಡಿ, ಪ್ರತಿ ಭಾಗದಿಂದ ಹತ್ತಿರದ ಜೀಪು ರಸ್ತೆಗೆ ಸ್ಟ್ರೆಚರ್ ಹೊತ್ತು ಎಷ್ಟು ಹೊತ್ತು, ಅಲ್ಲಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಮೊದಲೇ ನಡೆದು ನೋಡಿರಬೇಕು. ಫೋರ್ ವೀಲ್ ಜೀಪು ಎರಡು, ಆಂಬುಲೆನ್ಸ್ ಎರಡು ಕನಿಷ್ಠ. ಒಂದು ಹೋದರೆ ಇನ್ನೊಂದು ಇರಬೇಕು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಅಂದು ಹಾವಿನ ವಿಷಕ್ಕೆ ಚುಚ್ಚುಮದ್ದು ಇದೆ ಎಂದು ವಾರ ಮುಂಚೆ ಕೇಳಿರಬೇಕು. ಹಾವು ಕಚ್ಚಿದವರನ್ನು ನಡೆಸಬಾರದು, ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕೈಕಾಲು ಅಲುಗಾಡದಂತೆ ಇಟ್ಟು ಹೊತ್ತೊಯ್ಯಬೇಕು.

ಬಿಸಿಲಿನ ಆಘಾತಕ್ಕೆ ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಅರಿವು ಕದಡಿದ್ದರೆ, ಟಾರ್ಪಾಲಿನ ನಾಲ್ಕು ಮೂಲೆ ಎತ್ತಿಹಿಡಿದು, ಒಳಗೆ ಮಲಗಿಸಿ, ನೂರು ಲೀಟರಿನಷ್ಟು ತಣ್ಣೀರು ಮತ್ತು ಮಂಜುಗಡ್ಡೆ ಹಾಕಿ ಅಲ್ಲಾಡಿಸುತ್ತಿರಬೇಕು. ಇದಕ್ಕೆ ಬೇಕಾದ ಟಾರ್ಪಾಲು ಯಾವ ತೋಟದಲ್ಲೂ ಇರುತ್ತದೆ.

ತಲೆಸುತ್ತಿ ಬಿದ್ದವರಿಗೆಲ್ಲ "ಒಂದು ಡ್ರಿಪ್ ಹಾಕಿ" ಎನ್ನುವ ಒತ್ತಾಯ ಮಾಡಬೇಡಿ. ಸೋಡಿಯಂ ಇಳಿದವರಿಗೆ ಸಾಮಾನ್ಯ ಡ್ರಿಪ್ಪು ಕೇಡು ಮಾಡಬಹುದು. ಅವರಿಗೆ ಬೇಕಾದದ್ದು ಶೇ 3ರ ಗಟ್ಟಿ ಸಲೈನು, 100 ಮಿ.ಲೀ., ಅದೂ ವೈದ್ಯರ ಕೈಯಿಂದ. ಸ್ಥಳದಲ್ಲೇ ಸೋಡಿಯಂ ಅಳೆಯುವ ಯಂತ್ರ ಇಟ್ಟುಕೊಂಡಿರುವ ಓಟವನ್ನು ಕಣ್ಣುಮುಚ್ಚಿ ನಂಬಬಹುದು.

ನೆಟ್‌ವರ್ಕ್ ಇಲ್ಲದ ಕಡೆ ಸಂಪರ್ಕ ಹೇಗೆ? ನನ್ನ ಸ್ಯಾಟಲೈಟ್ ಸಾಧನ ತರಬಹುದೇ?

ತರಬೇಡಿ. ಅಮೆರಿಕ, ಯುರೋಪಿನಿಂದ ರಜೆಗೆ ಬರುವ ನಮ್ಮವರು ಗಾರ್ಮಿನ್ ಇನ್‌ರೀಚ್‌ನಂಥ ಸಾಧನವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಬರುತ್ತಾರೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಕಾನೂನು ಬಾಹಿರ. ವಿಮಾನ ನಿಲ್ದಾಣದಲ್ಲಿ ಬಂಧನ ಆದದ್ದೂ ಉಂಟು.

ಆಯೋಜಕರು ಪರವಾನಗಿ ಇರುವ ವಾಕಿಟಾಕಿ ಅಥವಾ ಹ್ಯಾಮ್ ರೇಡಿಯೊದವರ ನೆರವು ಪಡೆಯಬೇಕು. ಪ್ರತಿ ಸ್ಟೇಷನ್‌ನಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಪರೀಕ್ಷಿಸಿ ಆ ಸಿಮ್ಮನ್ನೇ ಕೊಡಬೇಕು. ಎಷ್ಟೋ ಕಡೆ ಬಿಎಸ್ಎನ್ಎಲ್ ಒಂದೇ ಗತಿ. ತುರ್ತು ನಂಬರು ಬಿಬ್ ಮೇಲೇ ಮುದ್ರಿಸಿರಲಿ, ಜೊತೆಗೆ 112.

ಶೌಚಾಲಯ ಎಷ್ಟಿರಬೇಕು? ಮಹಿಳೆಯರಿಗೆ ಬೇರೆ ಏನು ಬೇಕು?

ಓಟಕ್ಕೆ ಮುಂಚಿನ 45 ನಿಮಿಷದಲ್ಲಿ ಒಬ್ಬರಿಗೆ ನಾಲ್ಕು ನಿಮಿಷದಂತೆ ಒಂದು ಶೌಚಾಲಯ 11 ಜನಕ್ಕೆ ಆಗುತ್ತದೆ. 120 ಜನ ಬಂದರೂ ಹನ್ನೊಂದು ಬೇಕು. ನಾಲ್ಕು ಇಟ್ಟರೆ ಓಟ ತಡವಾಗಿ ಶುರುವಾಗುತ್ತದೆ, ಇಲ್ಲವೇ ತೋಟ ಹಾಳಾಗುತ್ತದೆ.

ಮಹಿಳೆಯರಿಗೆ ದಾರಿಯ ನಡುವೆ ಕನಿಷ್ಠ ಎರಡು ಕಡೆ ಬಾಗಿಲು ಚಿಲಕವಿರುವ, ನೀರಿರುವ ಶೌಚಾಲಯ ಬೇಕು. ಶಾಲೆ ಅಥವಾ ತೋಟದ ಆಫೀಸಿನದನ್ನು ಕೇಳಿ ಪಡೆಯಬಹುದು. ಸ್ಯಾನಿಟರಿ ಪ್ಯಾಡು ಎಲ್ಲ ಸ್ಟೇಷನ್‌ಗಳಲ್ಲಿ, ಕೇಳದೆ ತೆಗೆದುಕೊಳ್ಳುವ ಜಾಗದಲ್ಲಿ. ಮುಕ್ತಾಯದಲ್ಲಿ ಬಟ್ಟೆ ಬದಲಿಸಲು ಮುಚ್ಚಿದ ಕೋಣೆ. ಸ್ವೀಪರುಗಳಲ್ಲಿ ಒಬ್ಬರಾದರೂ ಮಹಿಳೆ. ಗರ್ಭಿಣಿಯಾದವರ ಪ್ರವೇಶವನ್ನು ಮುಂದಿನ ವರ್ಷಗಳಿಗೆ ಕಾಯ್ದಿಡುವ ನಿಯಮ ಇರಬೇಕು.

ನಡುವೆ ಬಿಟ್ಟುಬಿಡಬೇಕೆನಿಸಿದರೆ?

ಏಡ್ ಸ್ಟೇಷನ್‌ನಲ್ಲಿ ಹೇಳಿ, ಬಿಬ್ಬಿನ ಮೂಲೆ ಹರಿಸಿಕೊಂಡು, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಬರೆದದ್ದನ್ನು ಕಣ್ಣಾರೆ ನೋಡಿ. ಸ್ನೇಹಿತರ ಕಾರು ಸಿಕ್ಕಿತೆಂದು ಹೇಳದೆ ರೆಸಾರ್ಟಿಗೆ ಹೋಗಿ ಮಲಗಿದರೆ, ಹತ್ತು ಜನ ರಾತ್ರಿ ಆನೆಯಿರುವ ಕಾಡಿನಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಓಟಗಾರರ ಕಡೆಯಿಂದ ಇನ್ನೊಂದಿಲ್ಲ. ಆಯೋಜಕರ ಹೊಣೆಯೂ ಇದೆ: ಬಿಟ್ಟವರನ್ನು ಒಂದು ಗಂಟೆಯೊಳಗೆ ಗಾಡಿಯಲ್ಲಿ ಕರೆದೊಯ್ಯದಿದ್ದರೆ ಅವರು ತಾವೇ ದಾರಿ ಹುಡುಕಿಕೊಳ್ಳುತ್ತಾರೆ.

ಮಳೆ, ಸಿಡಿಲು ಬಂದರೆ? ಹಣ ವಾಪಸ್ ಬರುತ್ತದೆಯೇ?

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಬಯಲು ನೆತ್ತಿಯ ಭಾಗವನ್ನು ನಿಲ್ಲಿಸಬೇಕು, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಹಳ್ಳ ಮೊಣಕಾಲು ಮುಟ್ಟಿ ರಭಸವಾಗಿದ್ದರೆ ದಾಟಿಸಬಾರದು. ಈ ತೀರ್ಮಾನ ಯಾರದು ಎಂಬ ಹೆಸರು ಮೊದಲೇ ಗೊತ್ತಿರಬೇಕು. ಪ್ರಾಯೋಜಕರನ್ನು ಕೇಳಿ ಹೇಳುತ್ತೇವೆ ಎನ್ನುವಂತಿರಬಾರದು.

ಹಣದ ನಿಯಮ ನೋಂದಣಿಯ ಪುಟದಲ್ಲೇ ಇರಬೇಕು. ಓಟ ರದ್ದಾಗುವ ಹೊತ್ತಿಗೆ ಪೂರ್ತಿ ಖರ್ಚಾಗಿರುತ್ತದೆ, ಹಾಗಾಗಿ ಪೂರ್ತಿ ವಾಪಸ್ ನಿರೀಕ್ಷಿಸುವುದು ಕಷ್ಟ. ಆದರೆ ಒಂದು ಭಾಗ ಅಥವಾ ಮುಂದಿನ ವರ್ಷದ ಪ್ರವೇಶ ಕೊಡುವುದು ನ್ಯಾಯ.

ತೋಟದವರ ಒಪ್ಪಿಗೆ ಓಟಗಾರರಿಗೆ ಏಕೆ ಮುಖ್ಯ?

ಒಬ್ಬ ಮಾಲೀಕರು ಕೊನೇ ಗಳಿಗೆಯಲ್ಲಿ ಗೇಟು ಹಾಕಿದರೆ ದಾರಿಯೇ ತುಂಡಾಗುತ್ತದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ. ಕೊಯ್ಲಿನ ಹೊತ್ತಿನಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಅಲ್ಲಿ ಆರಂಭದ ಕಮಾನು ಕಟ್ಟಲಾಗದು. ಕೊಯ್ಯುವವರ ನಡುವೆ ಓಡುವಾಗ ನಿಧಾನ ಮಾಡಿ, ನಮಸ್ಕಾರ ಹೇಳಿ ಮುಂದೆ ಹೋಗಿ. ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲು ಮನೆಗಳು) ನಾಯಿಗಳನ್ನು ಅಂದು ಕಟ್ಟಿಹಾಕಲು ಹಿಂದಿನ ಸಂಜೆ ಮನೆಮನೆಗೆ ಹೋಗಿ ಹೇಳಬೇಕು.

ಮುಕ್ತಾಯದ ಗೆರೆಯಲ್ಲಿ ಏನಿರಬೇಕು?

ಕೂರಲು ಕುರ್ಚಿ, ಬಿಸಿ ನೀರು, ಬಿಸಿ ಊಟ, ಡ್ರಾಪ್ ಬ್ಯಾಗು (ಓಟಕ್ಕೆ ಮೊದಲು ಆಯೋಜಕರ ಕೈಗೆ ಕೊಟ್ಟ ನಿಮ್ಮ ಚೀಲ). 12ನೇ ಗಂಟೆಗೆ ಬಂದವರಿಗೂ ಅದೇ ಅನ್ನ-ಸಾರು ಬಿಸಿಯಾಗಿ ಸಿಗಬೇಕು. ಹಾಗಾಗಿ 60 ಜನರ ಪಾಲನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಸಂಜೆ ಐದರ ಮೇಲೆ ಬಿಸಿಮಾಡಿ. ಮುಗಿಸಿದವರನ್ನು ಹದಿನೈದು ನಿಮಿಷ ಯಾರಾದರೂ ಗಮನಿಸುತ್ತಿರಬೇಕು, ಕುಸಿಯುವುದು ಹೆಚ್ಚಾಗಿ ಗೆರೆ ದಾಟಿ ನಿಂತಮೇಲೆ. 50 ಕಿ.ಮೀ. ಓಡಿದವರು ರಾತ್ರಿ ತಾವೇ ಕಾರು ಓಡಿಸಿಕೊಂಡು ಬೆಂಗಳೂರಿಗೆ ಹೊರಡಬಾರದು. ಹತ್ತಿರದ ಊರಿನ ತನಕ ಬಸ್ಸು, ಉಳಿಯಲು ಕಡಿಮೆ ಬೆಲೆಯ ಡಾರ್ಮಿಟರಿ ಏರ್ಪಾಡು ಮಾಡಿಕೊಟ್ಟರೆ ಆ ಆಸೆ ಕಡಿಮೆಯಾಗುತ್ತದೆ.

ತಾತ್ಕಾಲಿಕ ಫಲಿತಾಂಶ ಅಂದು ರಾತ್ರಿ, ಆಕ್ಷೇಪಕ್ಕೆ 48 ಗಂಟೆ, ಅಂತಿಮ ಪಟ್ಟಿ ವಾರದೊಳಗೆ. ಕೊನೆಯ ಸ್ವೀಪರ್ ಬರುವಾಗಲೇ ರಿಬ್ಬನ್ ಬಿಚ್ಚಿಕೊಂಡು ಬರುತ್ತಾರೆ. ಕತ್ತಲಲ್ಲಿ ಉಳಿದುಹೋದವನ್ನು ಮರುದಿನ ಬೆಳಿಗ್ಗೆ ಇಬ್ಬರು ಇಡೀ ದಾರಿ ನಡೆದು ತೆಗೆಯಬೇಕು, ಕಟ್ಟಿದ ಲೆಕ್ಕ ಬರೆದಿಟ್ಟಿದ್ದರೆ ಬಿಚ್ಚಿದ ಲೆಕ್ಕದೊಡನೆ ಹೋಲಿಸಿ ನೋಡಬಹುದು.